ಮರಳಿನ ಮೇಲೆ ನಿಲ್ಲದ ಸ್ಮಾರಕ



*ಇಂದಿನ ಧಮ್ಮ ಚಿಂತನೆ*



ಹೋದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಭೀಮಾ ಕೋರೆಗಾಂವ್ ಪ್ರಯಾಣದ ಮಾತು ಬಂತು. ಎಷ್ಟು ಜನ ಹೋಗುವುದು, ಯಾವ ಗಾಡಿ, ಒಬ್ಬರಿಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ನಡೆದಿತ್ತು. ಆಗ ಹಿಂದೆ ಕುಳಿತಿದ್ದ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂರಿ, ಈಗರೆ ಪ್ರಾಣಹತ್ಯೆ ಮಾಡಂಗಿಲ್ಲ ಅಂತ ಶೀಲ ತಗೊಂಡ್ವಿ. ಯುದ್ಧದಾಗ ಮಂದೀನ ಕೊಂದವರ ಕಂಬಕ್ಕ ಹೋಗಿ ಕೈ ಮುಗಿಯೂದು ಹೆಂಗ್ರಿ?"

ಸಭೆ ಒಮ್ಮೆಲೆ ಸುಮ್ಮನಾಯಿತು. ಹಿರಿಯರೊಬ್ಬರು ಸಿಟ್ಟಾದರು. "ಅದು ನಮ್ಮ ಸ್ವಾಭಿಮಾನದ ಕಂಬ, ಬಾಬಾಸಾಹೇಬರೇ 1927ರ ಜನವರಿ 1ರಂದು ಹೋಗಿ ನಮಿಸಿದ್ದಾರೆ, ನೀನೇನು ಕೇಳ್ತೀ" ಎಂದರು. ಹುಡುಗಿ ಕುಳಿತುಬಿಟ್ಟಳು. ನಾನು ಅವಳ ಪರವಾಗಿ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ತು ವರ್ಷ ಪಾಠ ಮಾಡಿದವಳು, ಒಳ್ಳೆಯ ಪ್ರಶ್ನೆ ಕೇಳಿದ ಮಗುವನ್ನು ಸುಮ್ಮನೆ ಕೂರಿಸುವುದನ್ನು ನೋಡುತ್ತಾ ಕುಳಿತೆ. ಅದಕ್ಕೇ ಇಂದಿನ ಚಿಂತನೆ ಅವಳಿಗೆ ನಾನು ಕೊಡಬೇಕಾದ ಉತ್ತರ.

ಈ ಪ್ರಶ್ನೆ ನಮ್ಮ ಮನೆಯದೂ ಹೌದು. ನಮ್ಮ ಪಡಸಾಲೆಯ ಗೋಡೆಯ ಮೇಲೆ ಬುದ್ಧರ ಫೋಟೋ ಇದೆ, ಬಾಬಾಸಾಹೇಬರ ಫೋಟೋ ಇದೆ, ಅವುಗಳ ಪಕ್ಕದಲ್ಲೇ ಫೌಜಿ ಸಮವಸ್ತ್ರದಲ್ಲಿ ನಿಂತ ನಮ್ಮ ಕಾಕಾನ ಫೋಟೋ ಇದೆ. ದಿನಾ ಬೆಳಿಗ್ಗೆ ಮೂರಕ್ಕೂ ಒಂದೇ ಬಟ್ಟೆಯಿಂದ ಧೂಳು ಒರೆಸುತ್ತೇನೆ. ಕೈಯಲ್ಲಿ ಬಂದೂಕು ಹಿಡಿದ ಕಾಕಾ, ಕಣ್ಣು ಮುಚ್ಚಿ ಕುಳಿತ ಬುದ್ಧರ ಪಕ್ಕದಲ್ಲಿ ಯಾಕಿದ್ದಾನೆ ಎಂದು ನಾನು ಎಂದೂ ಕೇಳಿಕೊಂಡಿರಲಿಲ್ಲ.

ಕೋರೆಗಾಂವ್ ವಿಷಯ ಬಂದರೆ ನಮಗೆಲ್ಲ ಎದೆ ಬಿಸಿಯಾಗುತ್ತದೆ. ಬಿಸಿಯಾದ ಎದೆಯಿಂದ ತೂಕ ಮಾಡುವುದು ಕಷ್ಟ. ಆದ್ದರಿಂದ ಮೊದಲು ಸ್ವಲ್ಪ ದೂರದ, ಆದರೆ ನಮಗೆ ನೆಂಟಸ್ತಿಕೆ ಇರುವ ಒಂದು ಸ್ಮಾರಕದ ಕಥೆ ಹೇಳುತ್ತೇನೆ. ಅದು ಅಮೆರಿಕದ್ದು. ನೆಂಟಸ್ತಿಕೆ ಏನೆಂದರೆ, ಮಹಾತ್ಮ ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು, ಕಪ್ಪು ಜನರ ಗುಲಾಮಗಿರಿ ಅಳಿಸಲು ತ್ಯಾಗ ಮಾಡಿದ ಅಮೆರಿಕದ ಜನರಿಗೆ. ಆ ಹೋರಾಟದ ಒಂದು ತುಣುಕು ಇದು.

*ಒಂದು ರೆಜಿಮೆಂಟು*

1863ರ ಜನವರಿ 1. ಅಮೆರಿಕದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಅಂತರ್ಯುದ್ಧ ನಡೆದಿತ್ತು. ಅಂದು ಅಧ್ಯಕ್ಷ ಲಿಂಕನ್ ವಿಮೋಚನೆಯ ಘೋಷಣೆ ಹೊರಡಿಸಿದರು. ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಬಹುದೆಂದೂ ಅದರಲ್ಲಿತ್ತು. ಅದರ ಬೆನ್ನಿಗೇ ಉತ್ತರದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 54ನೇ ಸ್ವಯಂಸೇವಕ ಕಾಲಾಳು ರೆಜಿಮೆಂಟ್ ಕಟ್ಟಿದರು. ಸ್ವಯಂಸೇವಕ ಎಂದರೆ ಯಾರ ಒತ್ತಾಯವೂ ಇಲ್ಲದೆ ತಾವಾಗಿ ಹೆಸರು ಬರೆಸಿದವರು. ಸಿಪಾಯಿಗಳೆಲ್ಲ ಕಪ್ಪು ಜನ, ಅಧಿಕಾರಿಗಳೆಲ್ಲ ಬಿಳಿಯರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ನಾಯಕನಾದ ಫ್ರೆಡರಿಕ್ ಡಗ್ಲಾಸ್ ಊರೂರು ತಿರುಗಿ ಯುವಕರನ್ನು ಕರೆದರು. ತಮ್ಮ ಇಬ್ಬರು ಮಕ್ಕಳನ್ನೇ ಮೊದಲು ಸೇರಿಸಿದರು. ರೆಜಿಮೆಂಟಿನ ಕರ್ನಲ್, ರಾಬರ್ಟ್ ಗೌಲ್ಡ್ ಶಾ ಎಂಬ 25 ವರ್ಷದ ಬಿಳಿಯ ಯುವಕ.

1863ರ ಜುಲೈ 18ರ ಸಂಜೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿ ಮಾರಿಸ್ ಎಂಬ ಮರಳು ದ್ವೀಪ. ಅದರ ಮೇಲೆ ಮರಳಿನಿಂದ ಕಟ್ಟಿದ ವ್ಯಾಗ್ನರ್ ಕೋಟೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜೌಗು, ನಡುವೆ ಕಿರಿದಾದ ಮರಳ ದಾರಿ. ಆ ದಾರಿಯಲ್ಲಿ ಎಲ್ಲರಿಗಿಂತ ಮುಂದೆ 54ನೇ ರೆಜಿಮೆಂಟು ನುಗ್ಗಿತು. ಹೋದವರು ಸುಮಾರು 600. ಸತ್ತವರು, ಗಾಯಗೊಂಡವರು, ಸಿಗದೇ ಹೋದವರು ಸೇರಿ 250ಕ್ಕೂ ಹೆಚ್ಚು. ಕರ್ನಲ್ ಶಾ ಕೋಟೆಯ ದಿಬ್ಬದ ಮೇಲೆಯೇ ಸತ್ತರು. ಗುಲಾಮನಾಗಿ ಹುಟ್ಟಿದ್ದ ವಿಲಿಯಂ ಕಾರ್ನಿ, ಬಾವುಟ ಹಿಡಿದವನು ಬಿದ್ದಾಗ ತಾನು ಅದನ್ನು ಎತ್ತಿಕೊಂಡು, ಮೈಗೆ ಗುಂಡು ಬಿದ್ದರೂ ನೆಲಕ್ಕೆ ತಾಗಿಸದೆ ಹಿಂದಕ್ಕೆ ತಂದ. ಅವನಿಗೆ ಸರ್ಕಾರ ಪದಕ ಕೊಟ್ಟದ್ದು 1900ರಲ್ಲಿ, 37 ವರ್ಷಗಳ ನಂತರ.

ಅಂದು ಕೋಟೆ ಗೆಲ್ಲಲಾಗಲಿಲ್ಲ. ವಿರೋಧಿಗಳು ಶಾ ಅವರ ಹೆಣವನ್ನು ಅವಮಾನ ಮಾಡಲೆಂದೇ ಕಪ್ಪು ಸಿಪಾಯಿಗಳ ಜೊತೆ ಒಂದೇ ಗುಂಡಿಗೆ ಹಾಕಿದರು. ಮುಂದೆ ಆ ಹೆಣ ತೆಗೆದು ಊರಿಗೆ ತರುವ ಮಾತು ಬಂದಾಗ ಶಾ ಅವರ ತಂದೆ ಬೇಡವೆಂದರು. ತಮ್ಮ ಮಗ ತನ್ನ ಸಿಪಾಯಿಗಳ ನಡುವೆಯೇ ಇರಲಿ, ಅದಕ್ಕಿಂತ ಗೌರವದ ಜಾಗ ಬೇರೆ ಇಲ್ಲ ಎಂಬುದು ಅವರ ಭಾವನೆ. ಸತ್ತ ಮೇಲೂ ಸ್ಮಶಾನ ಬೇರೆ ಮಾಡುವ ಊರುಗಳಿಂದ ಬಂದ ನಮಗೆ ಆ ತಂದೆಯ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ.

*ಮುಚ್ಚಿಡಬಾರದ ಮಾತು*

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ನಾಲ್ಕನೆಯ ಶೀಲ ಅದಕ್ಕೆ ಒಪ್ಪುವುದಿಲ್ಲ.

ವ್ಯಾಗ್ನರ್ ಕೋಟೆಗೆ ಒಂದು ತಿಂಗಳು ಮುಂಚೆ, ಜೂನ್‌ನಲ್ಲಿ, ಇದೇ ರೆಜಿಮೆಂಟು ಜಾರ್ಜಿಯಾದ ಡೇರಿಯನ್ ಎಂಬ ಊರಿನಲ್ಲಿತ್ತು. ಎದುರಿಸುವ ಸೈನ್ಯವೇ ಇಲ್ಲದ ಆ ಊರನ್ನು ಲೂಟಿ ಮಾಡಿ ಸುಟ್ಟರು. ಅಪ್ಪಣೆ ಬೇರೊಬ್ಬ ಹಿರಿಯ ಅಧಿಕಾರಿಯದು. ಶಾ ಅವರಿಗೆ ಅದು ಹೇಸಿಗೆಯಾಯಿತು, ವಿರೋಧಿಸಿದರು. ಆದರೂ ಬೆಂಕಿ ಹಚ್ಚಿದ ಕೈಗಳಲ್ಲಿ 54ನೇ ರೆಜಿಮೆಂಟಿನ ಕೈಗಳೂ ಇದ್ದವು. ಕೋಟೆಯೊಳಗೆ ಸತ್ತವರಿಗೂ ಮನೆ ಇತ್ತು, ಕಾಯುವವರಿದ್ದರು. ನ್ಯಾಯದ ಪಕ್ಷದಲ್ಲಿ ನಿಂತವರ ಕೈಯೂ ಯುದ್ಧದಲ್ಲಿ ಮಸಿಯಾಗುತ್ತದೆ.

ಸಂಯುತ್ತ ನಿಕಾಯದಲ್ಲಿ ಒಂದು ಪ್ರಸಂಗವಿದೆ. ಯೋಧಾಜೀವ ಎಂಬ ಸೈನಿಕರ ಮುಖಂಡ ಬುದ್ಧರ ಬಳಿ ಬರುತ್ತಾನೆ. ರಣರಂಗದಲ್ಲಿ ಹೋರಾಡುತ್ತಾ ಸತ್ತವನಿಗೆ ಸ್ವರ್ಗ ಸಿಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ, ನಿಜವೇ ಎಂದು ಕೇಳುತ್ತಾನೆ. ಅದನ್ನು ಕೇಳಬೇಡ ಎಂದು ಬುದ್ಧರು ಎರಡು ಸಲ ತಡೆಯುತ್ತಾರೆ. ಮೂರನೆಯ ಸಲವೂ ಕೇಳಿದಾಗ ಇಲ್ಲ ಎನ್ನುತ್ತಾರೆ. ಎದುರಿನವರು ನಾಶವಾಗಲಿ, ಸಾಯಲಿ ಎಂಬ ದ್ವೇಷವೇ ತುಂಬಿದ ಮನಸ್ಸಿನಿಂದ ಸತ್ತವನಿಗೆ ಒಳ್ಳೆಯ ಗತಿ ಇಲ್ಲ ಎನ್ನುತ್ತಾರೆ. ಆ ಸೈನಿಕ ಅತ್ತುಬಿಡುತ್ತಾನೆ. ಬುದ್ಧರು ಹೇಳಿದ್ದಕ್ಕೆ ಅವನು ಅಳಲಿಲ್ಲ. ಇಷ್ಟು ಕಾಲ ಹಿಂದಿನವರು ತನಗೆ ಮೋಸ ಮಾಡಿದರಲ್ಲ ಎಂದು ಅತ್ತ.

ಸ್ವರ್ಗ ನರಕದ ಮಾತು ನಮಗೆ ಬೇಡ. ನಾವು ಇಟ್ಟುಕೊಳ್ಳಬೇಕಾದದ್ದು ಇಷ್ಟೇ: ಸತ್ತ ಸಿಪಾಯಿಗೆ ಹೊಗಳಿಕೆಯ ಲಂಚ ಕೊಟ್ಟು, ಇನ್ನೊಬ್ಬರ ಮಕ್ಕಳನ್ನು ಸಾವಿಗೆ ಕರೆಯುವವರು ಯಾವ ಕಾಲದಲ್ಲೂ ಇದ್ದಾರೆ. ಎಷ್ಟೋ ಯುದ್ಧಸ್ಮಾರಕಗಳನ್ನು ಕಟ್ಟಿದ್ದು ಅದಕ್ಕಾಗಿಯೇ. ಕೋರೆಗಾಂವ್ ಕಂಬವನ್ನು ಕಟ್ಟಿಸಿದ್ದೂ ಈಸ್ಟ್ ಇಂಡಿಯಾ ಕಂಪನಿ, ತನ್ನ ಫೌಜಿನ ಹೆಸರಿಗಾಗಿ. ನಮ್ಮ ಹುಡುಗಿಯ ಪ್ರಶ್ನೆ ಯೋಧಾಜೀವನ ಪ್ರಶ್ನೆಯೇ. ಅದನ್ನು ಕೇಳಿದ್ದು ತಪ್ಪಲ್ಲ.

*ಬಾಬಾಸಾಹೇಬರ ತಕ್ಕಡಿ*

ಹಾಗಾದರೆ ಬಾಬಾಸಾಹೇಬರು ಯಾಕೆ ಹೋದರು? ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅಹಿಂಸೆಯ ಭಾಗವನ್ನು ಇನ್ನೊಮ್ಮೆ ಓದಿ. ಅಲ್ಲಿ ಅವರು ಎರಡನ್ನು ಬೇರೆ ಮಾಡುತ್ತಾರೆ: ಕೊಲ್ಲಬೇಕೆಂಬ ಇಚ್ಛೆ ಒಂದು, ಕೊಲ್ಲಬೇಕಾಗಿ ಬರುವ ಅನಿವಾರ್ಯತೆ ಇನ್ನೊಂದು. ಬುದ್ಧರು ನಿಷೇಧಿಸಿದ್ದು ಮೊದಲನೆಯದನ್ನು ಎಂಬುದು ಅವರ ವಿವರಣೆ. ಅಹಿಂಸೆ ಅವರಿಗೆ ಕಣ್ಣು ಮುಚ್ಚಿ ಪಾಲಿಸುವ ನಿಯಮವಲ್ಲ, ವಿವೇಕದಿಂದ ನಡೆಸಬೇಕಾದ ತತ್ವ.

ಇದನ್ನು ಪರವಾನಗಿ ಎಂದು ತಿಳಿದರೆ ಕೆಟ್ಟೆವು. ‘ಅನಿವಾರ್ಯ’ ಎಂಬ ಮಾತು ಎಲ್ಲ ರಾಜರ ಬಾಯಲ್ಲೂ ಇರುತ್ತದೆ. ಅದೇ ಪುಸ್ತಕದ ಮೊದಲ ಭಾಗ ಮರೆಯಬಾರದು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಸಿದ್ಧಾರ್ಥ ಸಭೆಯಲ್ಲಿ ಎದ್ದು ಬೇಡವೆಂದ. ಬಹುಮತ ಅವನ ವಿರುದ್ಧ ಬಿತ್ತು. ಸೈನ್ಯಕ್ಕೆ ಸೇರುವುದಿಲ್ಲ ಎಂದಾಗ ಮನೆಯವರಿಗೆ ಬಹಿಷ್ಕಾರ, ಹೊಲ ಮುಟ್ಟುಗೋಲು ಎಂಬ ಬೆದರಿಕೆ ಬಂತು. ಮನೆಯವರನ್ನು ಉಳಿಸಲು ತಾನೇ ಊರು ಬಿಟ್ಟ. ನೀರು ಹಂಚಿಕೊಳ್ಳಬಹುದಿತ್ತು, ಮಾತಾಡಬಹುದಿತ್ತು. ಅಲ್ಲಿ ಯುದ್ಧ ಅನಿವಾರ್ಯವಾಗಿರಲಿಲ್ಲ.

54ನೇ ರೆಜಿಮೆಂಟಿನವರನ್ನು ಈ ತಕ್ಕಡಿಯಲ್ಲಿ ಇಡಿ. ದಕ್ಷಿಣದಲ್ಲಿ ಅವರ ಜನರ ಹೆಂಡತಿ ಮಕ್ಕಳನ್ನು ಸಂತೆಯಲ್ಲಿ ಮಾರುತ್ತಿದ್ದರು. ಅಲ್ಲಿನ ಗುಲಾಮರಿಗೆ ಮಾತಾಡಲು ಸಭೆ ಇರಲಿಲ್ಲ, ಮತ ಇರಲಿಲ್ಲ, ಕೋರ್ಟು ಇರಲಿಲ್ಲ. ದಕ್ಷಿಣ ಕೆರೊಲಿನಾದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ 1834ರ ಕಾನೂನಿನ ಪ್ರಕಾರ ಅಪರಾಧ. ಎಲ್ಲ ಬಾಗಿಲು ಮುಚ್ಚಿದ ಮೇಲೆ ತೆರೆದದ್ದು ಇದೊಂದೇ ಬಾಗಿಲು. ಡೇರಿಯನ್ ಊರು ಸುಟ್ಟದ್ದು ಈ ತಕ್ಕಡಿಯಲ್ಲಿ ನಿಲ್ಲುವುದಿಲ್ಲ. ವ್ಯಾಗ್ನರ್ ಕೋಟೆಯ ಮರಳ ದಾರಿಯಲ್ಲಿ ನಡೆದದ್ದು ನಿಲ್ಲುತ್ತದೆ ಎಂದು ನನಗೆ ಅನಿಸುತ್ತದೆ. ನಿಮಗೆ ಬೇರೆ ಅನಿಸಿದರೆ ಭಾನುವಾರ ಮಾತಾಡೋಣ.

*ಬಂದೂಕಿಲ್ಲದ ಯುದ್ಧ*

ಆ ರೆಜಿಮೆಂಟಿನ ಇನ್ನೊಂದು ಯುದ್ಧದ ಬಗ್ಗೆ ಹೇಳದಿದ್ದರೆ ಅವರ ಕಥೆ ಪೂರ್ತಿಯಾಗುವುದಿಲ್ಲ.

ಸೈನ್ಯಕ್ಕೆ ಸೇರುವಾಗ ಅವರಿಗೆ ಬಿಳಿಯ ಸಿಪಾಯಿಯ ಸಮ ಸಂಬಳ, ತಿಂಗಳಿಗೆ 13 ಡಾಲರ್ ಎಂದು ಮಾತು ಕೊಟ್ಟಿದ್ದರು. ಕೊಡಲು ಬಂದದ್ದು 10 ಡಾಲರ್. ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. ಕೈಗೆ 7. ಇಡೀ ರೆಜಿಮೆಂಟು ಒಂದೇ ಮಾತಿನಲ್ಲಿ ಆ ಹಣ ಬೇಡವೆಂದಿತು. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಸುಮಾರು ಒಂದೂವರೆ ವರ್ಷ ಸಂಬಳ ಮುಟ್ಟಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯ, ಕಡಿಮೆ ಬಿದ್ದ ಹಣವನ್ನು ತಾನು ಕೊಡುತ್ತೇನೆ, ತೆಗೆದುಕೊಳ್ಳಿ ಎಂದು ಮುಂದೆ ಬಂತು. ಅದನ್ನೂ ಬೇಡವೆಂದರು. ಅವರಿಗೆ ಬೇಕಿದ್ದದ್ದು ಆರು ಡಾಲರ್ ಅಲ್ಲ. ತಮ್ಮನ್ನು ಸಮಾನರೆಂದು ಒಪ್ಪುವ ಒಂದು ಸಾಲಿನ ಕಾನೂನು.

ಅಲ್ಲಿಯವರೆಗೆ ಮನೆಯಲ್ಲಿ ಹೆಂಡತಿ ಮಕ್ಕಳು ಅವರಿವರ ಮನೆ ಬಾಗಿಲಿಗೆ ಹೋದರು. ಅದರ ನಡುವೆಯೂ ಸಿಪಾಯಿಗಳು ಕೆಲಸ ಬಿಡಲಿಲ್ಲ, ಕಾವಲು ಕಾದರು, ಕಾಳಗಕ್ಕೆ ಹೋದರು. ದಕ್ಷಿಣ ಕೆರೊಲಿನಾದ ಇನ್ನೊಂದು ಕಪ್ಪು ರೆಜಿಮೆಂಟಿನಲ್ಲಿ ವಿಲಿಯಂ ವಾಕರ್ ಎಂಬ ಸಾರ್ಜೆಂಟ್, ಇದೇ ಸಂಬಳದ ವಿಷಯಕ್ಕೆ ತನ್ನವರೊಂದಿಗೆ ಕರ್ನಲ್ ಡೇರೆಯ ಮುಂದೆ ಬಂದೂಕುಗಳನ್ನು ಕೆಳಗಿಟ್ಟ. ಅವನನ್ನು 1864ರ ಫೆಬ್ರವರಿಯಲ್ಲಿ ಸ್ವಂತ ಸರ್ಕಾರವೇ ಗುಂಡಿಟ್ಟು ಕೊಂದಿತು. ಬೇಡವೆನ್ನುವುದಕ್ಕೆ ಇಷ್ಟು ಬೆಲೆ ಇತ್ತು. ಕೊನೆಗೆ 1864ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು ಸಮಾನ ಸಂಬಳದ ಕಾನೂನು ಮಾಡಿತು.

ಸಭೆಯಲ್ಲಿ ಒಬ್ಬನೇ ಎದ್ದು ಬೇಡವೆಂದ ಸಿದ್ಧಾರ್ಥನಿಗೂ, ಮುಂದೆ ಚಾಚಿದ ಹಣ ಮುಟ್ಟದ ಈ ಸಿಪಾಯಿಗಳಿಗೂ ಹತ್ತಿರದ ಸಂಬಂಧ ಕಾಣುತ್ತದೆ. ಕೋಟೆಯ ಮೇಲೆ ನುಗ್ಗುವಾಗ ಪಕ್ಕದಲ್ಲಿ 600 ಜನ ಇರುತ್ತಾರೆ, ತಮಟೆ ಇರುತ್ತದೆ, ರಕ್ತ ಬಿಸಿ ಇರುತ್ತದೆ. ಮನೆಯಿಂದ ಹಸಿವಿನ ಕಾಗದ ಬಂದಾಗ, ಎಣಿಸಿಟ್ಟ ಹಣದ ಮುಂದೆ ನಿಂತು ಕೈ ಹಿಂದೆ ಕಟ್ಟಿಕೊಳ್ಳಲು ಬೇರೆ ಧೈರ್ಯ ಬೇಕು. ಅದರಿಂದ ಯಾರ ಪ್ರಾಣವನ್ನೂ ಅವರು ತೆಗೆಯಲಿಲ್ಲ. ಮೊದಲ ಶೀಲ ಮುರಿಯದೆ ಗೆದ್ದ ಯುದ್ಧ ಅದು.

*ಕಂಬ ಶಾಲೆಯಾದದ್ದು*

ಈಗ ಸ್ಮಾರಕದ ವಿಷಯ. ಶಾ ಅವರಿಗೂ ಆ ಸಿಪಾಯಿಗಳಿಗೂ ವ್ಯಾಗ್ನರ್ ಕೋಟೆಯ ಹತ್ತಿರವೇ ಒಂದು ಸ್ಮಾರಕ ಕಟ್ಟಬೇಕೆಂದು ಮೊದಲು ಹಣ ಕೂಡಿಸಿದವರು ಶ್ರೀಮಂತರಲ್ಲ. ರೆಜಿಮೆಂಟಿನಲ್ಲಿ ಉಳಿದ ಸಿಪಾಯಿಗಳು ಮತ್ತು ಆ ಭಾಗದಲ್ಲಿ ಹೊಸದಾಗಿ ಬಿಡುಗಡೆಯಾಗಿದ್ದ ಗುಲಾಮರು. ನಿನ್ನೆಯವರೆಗೆ ತಾವೇ ಇನ್ನೊಬ್ಬರ ಸ್ವತ್ತಾಗಿದ್ದವರು ಕಾಸು ಕಾಸು ಸೇರಿಸಿದರು. ಆದರೆ ಆ ಮರಳು ನೆಲ ಗಟ್ಟಿಯಿರಲಿಲ್ಲ, ಸುತ್ತಲಿನ ಬಿಳಿಯರ ಮನಸ್ಸೂ ಅನುಕೂಲವಾಗಿರಲಿಲ್ಲ. ಕಂಬ ಏಳಲಿಲ್ಲ.

ಕೂಡಿದ ಹಣ ಏನಾಯಿತು ಗೊತ್ತೇ? ಅದರಿಂದ ಚಾರ್ಲ್ಸ್‌ಟನ್ ನಗರದಲ್ಲಿ ಬಿಡುಗಡೆಯಾದ ಕಪ್ಪು ಮಕ್ಕಳಿಗಾಗಿ ಒಂದು ಶಾಲೆ ಆಯಿತು. ಶಾಲೆಗೆ ಶಾ ಅವರ ಹೆಸರಿಟ್ಟರು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಯಾವ ರಾಜ್ಯದಲ್ಲಿ ಕಪ್ಪು ಮಗುವಿಗೆ ಅಕ್ಷರ ಕಲಿಸಿದರೆ ಶಿಕ್ಷೆಯಿತ್ತೋ, ಅದೇ ರಾಜ್ಯದ ದೊಡ್ಡ ಊರಿನಲ್ಲಿ, ಸತ್ತ ಸಿಪಾಯಿಗಳ ಹೆಸರಿನ ಹಣದಿಂದ ಮಕ್ಕಳು ಅಕ್ಷರ ಕಲಿತರು.

ಕಲ್ಲಿನ ಮತ್ತು ಕಂಚಿನ ಸ್ಮಾರಕವೂ ಮುಂದೆ ಬಂತು, ದೂರದ ಬಾಸ್ಟನ್ ನಗರದಲ್ಲಿ, 1897ರ ಮೇ 31ರಂದು. ಅಗಸ್ಟಸ್ ಸೇಂಟ್ ಗಾಡೆನ್ಸ್ ಎಂಬ ಶಿಲ್ಪಿ ಹತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ ದೊಡ್ಡ ಕೃತಿ. ಕುದುರೆಯ ಮೇಲೆ ಶಾ, ಪಕ್ಕದಲ್ಲಿ ನಡೆಯುವ ಕಪ್ಪು ಸಿಪಾಯಿಗಳು, ಒಬ್ಬೊಬ್ಬರ ಮುಖವೂ ಬೇರೆ ಬೇರೆ. ಆದರೆ ಅದರ ಮೇಲೆ ಕೆತ್ತಿದ್ದು ಸತ್ತ ಬಿಳಿಯ ಅಧಿಕಾರಿಗಳ ಹೆಸರು ಮಾತ್ರ. ಸತ್ತ ಕಪ್ಪು ಸಿಪಾಯಿಗಳ ಹೆಸರುಗಳನ್ನು ಸೇರಿಸಿದ್ದು 1980ರ ದಶಕದ ಆರಂಭದಲ್ಲಿ. 80 ವರ್ಷಕ್ಕೂ ಹೆಚ್ಚು ಕಾಲ ಆ ಮುಖಗಳಿಗೆ ಹೆಸರಿರಲಿಲ್ಲ. ಇನ್ನು ವ್ಯಾಗ್ನರ್ ಕೋಟೆಯ ಜಾಗವನ್ನು ಸಮುದ್ರ ಕೊರೆದು ನುಂಗಿಹಾಕಿದೆ. ಅಲ್ಲಿ ಕಂಬ ಕಟ್ಟಿದ್ದರೂ ಇಂದು ನೀರಿನಲ್ಲಿ ಇರುತ್ತಿತ್ತು. ಅನಿತ್ಯವನ್ನು ಇದಕ್ಕಿಂತ ಸರಳವಾಗಿ ಯಾರು ಹೇಳಬಲ್ಲರು? ಕೋಟೆ ಹೋಯಿತು, ಕಲಿತ ಮಕ್ಕಳು ತಮ್ಮ ಮಕ್ಕಳಿಗೆ ಕಲಿಸಿದರು.

*ಮತ್ತೆ ನಮ್ಮ ಕಂಬಕ್ಕೆ*

ಕೋರೆಗಾಂವ್ ಕಂಬದ ಮೇಲೆ ‘ನಾಕ’ ಎಂದು ಕೊನೆಯಾಗುವ 22 ಮಹಾರ್ ಸಿಪಾಯಿಗಳ ಹೆಸರುಗಳಿವೆ. ಯಾರ ನೆರಳೂ ಬೀಳಬಾರದು ಎನ್ನುತ್ತಿದ್ದ ಕಾಲದಲ್ಲಿ ಅವರ ಹೆಸರು ಕಲ್ಲಿನಲ್ಲಿ ನಿಂತಿತು. ಬಾಬಾಸಾಹೇಬರು ಆ ಹೆಸರುಗಳನ್ನು ನಮಗೆ ತೋರಿಸಿದರು. ನಾವು ಹೇಡಿಗಳ ಮಕ್ಕಳಲ್ಲ ಎಂದು ತಿಳಿಯುವುದು ಆಗ ಬಹಳ ಬೇಕಿತ್ತು. ಏಕೆಂದರೆ 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದರು. ಯಾರಿಗಾಗಿ ಸತ್ತರೋ ಅವರೇ ಬಾಗಿಲು ಹಾಕಿದರು.

ಬಾಬಾಸಾಹೇಬರ ತಂದೆ ರಾಮ್‌ಜಿಯವರು ಸುಬೇದಾರರು. ಅವರ ಕೆಲಸ ಏನೆಂದು ನೆನಪಿದೆಯೇ? ಸೈನ್ಯದ ಶಾಲೆಯಲ್ಲಿ ಮಾಸ್ತರಿಕೆ. ಸೈನ್ಯದಲ್ಲಿದ್ದವರ ಮಕ್ಕಳಿಗೆ ಓದು ಸಿಕ್ಕಿತು, ಆ ಓದಿನಿಂದ ಭೀಮರಾಯ ಬಂದರು. ಇಲ್ಲೂ ಬಂದೂಕಿನ ದಾರಿ ಹೋಗಿ ಶಾಲೆಯ ಬಾಗಿಲಿಗೆ ಮುಟ್ಟಿತು.

ನಮ್ಮ ಕಾಕಾ ಯುದ್ಧದ ಮಾತು ಆಡುತ್ತಿರಲಿಲ್ಲ. ಆಗಸ್ಟ್ 15ಕ್ಕೆ ಓಣಿಯ ಹುಡುಗರು, "ಕಾಕಾ, ಎಷ್ಟು ಮಂದಿಗೆ ಹೊಡದೀರಿ?" ಎಂದು ಕೇಳಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅವನು ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ. "ಊರಾಗ ಚಾದಂಗಡ್ಯಾಗ ನನ್ನ ಕಪ್ಪು ಬ್ಯಾರೆ ಇತ್ತವ್ವಾ. ಅಲ್ಲಿ ಲಂಗರದಾಗ ಎಲ್ಲಾರದೂ ಒಂದೇ ಪಾತ್ರಿ." ಅವನು ಸೈನ್ಯಕ್ಕೆ ಹೋದದ್ದು ಯಾರನ್ನೋ ಕೊಲ್ಲುವ ಇಚ್ಛೆಯಿಂದಲ್ಲ ಎಂದು ನನಗೆ ಗೊತ್ತು. ಅಲ್ಲಿ ಏನು ಮಾಡಬೇಕಾಗಿ ಬಂತೋ ಅದನ್ನು ಅವನೊಬ್ಬನೇ ಹೊತ್ತ. ನನ್ನ ಎಂ.ಎ. ಮತ್ತು ಬಿ.ಎಡ್. ಫೀಸು ಕಟ್ಟಿದ್ದು ಅವನ ಪೆನ್ಶನ್ ಹಣದಿಂದ. ನಾನು ಇಂದು ಕೂರುವ ಕುರ್ಚಿಯ ಒಂದು ಕಾಲು ಆ ಬಂದೂಕಿನ ಮೇಲಿದೆ. ಇದನ್ನು ಒಪ್ಪಿಕೊಳ್ಳದೆ ಅಹಿಂಸೆಯ ಪಾಠ ಹೇಳಿದರೆ ಅದು ಸುಳ್ಳಾಗುತ್ತದೆ.

ಆದ್ದರಿಂದ ಮಗಳೇ, ನನ್ನ ಉತ್ತರ ಇದು. ಕೋರೆಗಾಂವ್‌ಗೆ ಬಾ, ಇಬ್ಬರೂ ಕೂಡಿ ಹೋಗೋಣ. ಆ ಹೆಸರುಗಳನ್ನು ಒಂದೊಂದಾಗಿ ಓದು. ಮನುಷ್ಯರಾಗಿ ನಿಲ್ಲಲು ಅವರಿಗೆ ಸಿಕ್ಕ ಒಂದೇ ಜಾಗ ರಣರಂಗವಾಗಿತ್ತಲ್ಲ ಎಂಬ ದುಃಖದಿಂದ ಕೈ ಮುಗಿ. ಆಚೆ ಕಡೆ ಸತ್ತವರಿಗೂ ಒಂದು ಕ್ಷಣ ಮೆತ್ತಾ ಭಾವನೆ ಮಾಡು. ಕೊಂದ ಲೆಕ್ಕ ಹೇಳಿ ಕೂಗುವವರ ಜೊತೆ ಕೂಗಬೇಡ. ನಿನ್ನ ಕೈಯಲ್ಲಿ ಇಂದು ಬಂದೂಕಿನ ಬದಲು ಸಂವಿಧಾನ ಇದೆ, ಪುಸ್ತಕ ಇದೆ, ಬೇಡವೆನ್ನುವ ಬಾಯಿ ಇದೆ. ಭಾನುವಾರ ಆ ಬಾಯಿಯಿಂದಲೇ ನೀನು ಪ್ರಶ್ನೆ ಕೇಳಿದೆ. ಅಂದು ನಾನು ಸುಮ್ಮನಿದ್ದದ್ದಕ್ಕೆ ಕ್ಷಮಿಸು.

ಬಳಗದವರಲ್ಲಿ ಒಂದು ವಿನಂತಿ. ಪ್ರಯಾಣಕ್ಕೆ ತಲಾ ಎಷ್ಟು ಹಾಕುತ್ತೇವೋ ಅದರ ಜೊತೆ, ಹಾರ ಬಾವುಟದ ಖರ್ಚು ಉಳಿಸಿ, ನಮ್ಮ ಓಣಿಯ ವಿಹಾರದಲ್ಲಿ ಸಂಜೆ ಓದಲು ಬರುವ ಮಕ್ಕಳಿಗೆ ಒಂದು ಪುಸ್ತಕದ ಕಪಾಟು ಮಾಡಿಸೋಣ. ಅದರ ಮೇಲೆ ಆ 22 ಹೆಸರು ಬರೆಸೋಣ. ವರ್ಷಕ್ಕೊಮ್ಮೆ ನೋಡುವ ಹೆಸರುಗಳನ್ನು ಮಕ್ಕಳು ದಿನಾ ಓದಲಿ.

*ಇಂದಿನ ಅಭ್ಯಾಸ:* ನಿಮ್ಮ ಮನೆಯ ಗೋಡೆಯ ಮೇಲಿರುವ ಒಬ್ಬ ಹಿರಿಯರ ಫೋಟೋ ಮುಂದೆ ಐದು ನಿಮಿಷ ಕೂಡಿ. ಅವರು ನಮಗಾಗಿ ಏನು ಮಾಡಬೇಕಾಯಿತು, ಅದನ್ನು ನಮ್ಮ ಮಕ್ಕಳು ಮತ್ತೆ ಮಾಡಬೇಕಾಗದಂತೆ ನಾವು ಏನು ಮಾಡಬಹುದು ಎಂದು ಯೋಚಿಸಿ. ಅನಿಸಿದ್ದನ್ನು ಭಾನುವಾರ ಹಂಚಿಕೊಳ್ಳಿ.

ನಮೋ ಬುದ್ಧಾಯ. ಜೈ ಭೀಮ್. 🙏